ಯಾವ ಗುಡ್ಡೆಯ ಮಣ್ಣು

ಆ ಮನೆಗೆ ಬಂದ ಹೊಸತರಲ್ಲಿ ದೊಡ್ಡ ಸೊಸೆಗೆ ಮಣ್ಣೆಂದರೆ ಕಾಲಿಗೆ ಅಂಟುವ ವಸ್ತು, ಅಷ್ಟೇ. ಹದಿನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅವಳ ಕಣ್ಣಿಗೆ ಬಟ್ಟೆ ಕಟ್ಟಿ ಹಿತ್ತಲಿಗೆ ಬಿಟ್ಟರೂ, ಒಂದು ಹಿಡಿ ಮೂಸಿ, ಇದು ಯಾವ ಗುಡ್ಡೆಯದು, ಎಷ್ಟು ವಾರದ್ದು, ಇದರಲ್ಲಿ ಎಲೆ ಹೆಚ್ಚೋ ಮರದ ಹೊಟ್ಟು ಹೆಚ್ಚೋ ಎಂದು ಹೇಳಿಬಿಡುವಂತಾಗಿದ್ದಳು. ಇದು ಸುಮ್ಮನೆ ಹೊಗಳಿಕೆಯ ಮಾತಲ್ಲ. ಅವಳ ಗಂಡ ಒಮ್ಮೆ ಪಂದ್ಯ ಕಟ್ಟಿ ಸೋತು ತಿಂಗಳಿಡೀ ಪಾತ್ರೆ ತೊಳೆದಿದ್ದ.

ಅದು ಸಸಿ ಬೆಳೆಸಿ ಮಾರುವ ಮನೆ. ರಸ್ತೆಯ ಕಡೆ ಹಸಿರು ಬಲೆಯ ಚಪ್ಪರ, ಅದರ ಕೆಳಗೆ ಸಾಲುಸಾಲು ಸಸಿ ಚೀಲ, ನಡುವೆ ಮನೆ, ಹಿತ್ತಲಲ್ಲಿ ಗೋಡೆಗೆ ಒತ್ತಿಕೊಂಡು ಮೂರು ದೊಡ್ಡ ಗೊಬ್ಬರದ ಗುಡ್ಡೆ. ಒಣಗಿದ ಎಲೆ, ಮರದ ಹೊಟ್ಟು, ಕೊಟ್ಟಿಗೆ ಗೊಬ್ಬರ, ತರಕಾರಿ ಸಿಪ್ಪೆ, ಕೆಂಪು ಮಣ್ಣು ಪದರಪದರವಾಗಿ ಹಾಕಿ, ನೀರು ಚಿಮುಕಿಸಿ, ಎಂಟು ದಿನಕ್ಕೊಮ್ಮೆ ಸಲಿಕೆಯಲ್ಲಿ ಮಗುಚಿ, ಹದಿನಾಲ್ಕು ವಾರ ಕಾದರೆ ಗುಡ್ಡೆ ಹಣ್ಣಾಗುತ್ತದೆ. "ಅವರ ಸಸಿ ಸಾಯಲ್ಲ" ಎಂದು ಊರಲ್ಲಿ ಹೆಸರಿತ್ತು. ಹೆಸರು ಮಾವನದು, ಬೆನ್ನುನೋವು ದೊಡ್ಡ ಸೊಸೆಯದು.

ಆದರೂ ಅವಳಿಗೆ ಬೇಸರವಿರಲಿಲ್ಲ. ಯಾಕೆಂದರೆ ಗುಡ್ಡೆ ಹಣ್ಣಾಗುವ ಹೊತ್ತಿಗೆ ಮಾವ ಹಿತ್ತಲ ಬಾಗಿಲಲ್ಲಿ ನಿಂತು, "ಏನಮ್ಮಾ, ಆಯ್ತಾ?" ಎಂದು ಕೇಳುವುದು ಅವಳನ್ನೇ. ಅವಳು ಮೊಣಕೈವರೆಗೆ ಕೈ ತೂರಿಸಿ, ಒಂದು ಹಿಡಿ ತೆಗೆದು ಮೂಸಿ, ಉಂಡೆ ಕಟ್ಟಿ, ಸೊಂಟದ ಎತ್ತರದಿಂದ ಬೀಳಿಸುವಳು. ಉಂಡೆ ಮೂರು ನಾಲ್ಕು ಚೂರಾದರೆ "ಆಯ್ತು ಮಾವ". ಮುದ್ದೆಯಾಗಿ ಕೂತರೆ, ಇಲ್ಲವೆ ಹಿಟ್ಟಿನಂತೆ ಉದುರಿದರೆ "ಇನ್ನೂ ಇಲ್ಲ". ಅವಳು ಆಯ್ತು ಎನ್ನುವವರೆಗೆ ಆ ಮನೆಯಲ್ಲಿ ಒಂದು ಚೀಲವೂ ತುಂಬುತ್ತಿರಲಿಲ್ಲ. ಅತ್ತೆಯ ಸೊಂಟದಲ್ಲಿ ಬೀಗದ ಕೈ ಗೊಂಚಲು, ಗಂಡನ ಜೇಬಿನಲ್ಲಿ ವ್ಯಾನಿನ ಕೀ. ಅವಳಿಗೆಂದು ಇದ್ದದ್ದು ಈ ಒಂದು ಮಾತು.

ಎಂಟು ತಿಂಗಳ ಹಿಂದೆ ಮೈದುನನ ಮದುವೆಯಾಯಿತು. ಮೈದುನ ಬಸ್ ಡ್ರೈವರು. ಮನೆಯಲ್ಲಿದ್ದಷ್ಟು ಹೊತ್ತೂ ನಿದ್ದೆ. ಅವನಿಂದ ಯಾರಿಗೂ ತೊಂದರೆಯೂ ಇಲ್ಲ, ಉಪಯೋಗವೂ ಇಲ್ಲ. ಅವನ ಹೆಂಡತಿ ಮಾತ್ರ ಮಣ್ಣು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು.

"ಮಣ್ಣಿನ ಮನೆಗೆ ಮಣ್ಣಿನವಳೇ ಬಂದ್ಲು ನೋಡಿ" ಎಂದು ಮಾವ ಕಂಡಕಂಡವರಿಗೆಲ್ಲ ಹೇಳಿದರು. ಹಾಗಾದರೆ ಇಷ್ಟು ವರ್ಷ ನಾನೇನು ಸಿಮೆಂಟಿನವಳಾಗಿದ್ದೆನೇ ಎಂದು ದೊಡ್ಡ ಸೊಸೆಗೆ ಆವತ್ತೇ ಹೊಟ್ಟೆಯೊಳಗೆ ಚುರುಕ್ ಎಂದಿತು.

ಚಿಕ್ಕ ಸೊಸೆ ಕೆಟ್ಟವಳಲ್ಲ, ಅದೇ ಕಷ್ಟ. ಕೆಟ್ಟವಳಾಗಿದ್ದರೆ ಬೈದುಕೊಂಡು ಹಾಯಾಗಿರಬಹುದಿತ್ತು. ಬೆಳಿಗ್ಗೆ ಎದ್ದು ಅಂಗಳ ಗುಡಿಸುತ್ತಿದ್ದಳು, ಅಕ್ಕಾ ಅಕ್ಕಾ ಎಂದು ಹಿಂದೆಮುಂದೆ ಸುತ್ತುತ್ತಿದ್ದಳು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ, ಎರಡು ತಿಂಗಳು ಕಳೆಯಲಿ ಎಂದು ದೊಡ್ಡ ಸೊಸೆ ಕಾದಳು. ಎಂಟು ತಿಂಗಳಾದರೂ ಅವಳು ಗೋಣಿ ಇಳಿಸಲಿಲ್ಲ.

ಊಟದ ಹೊತ್ತಿನ ಮಾತು ಮಾತ್ರ ಬದಲಾಗಿಹೋಯಿತು. ಮೊದಲು ಮಾವ ತಟ್ಟೆಯ ಮುಂದೆ ಕೂತರೆ ನೀರಿನ ಪಂಪು, ಸಸಿ ಕದ್ದ ದನ, ಇಷ್ಟೇ. ಈಗ ಚಿಕ್ಕವಳ ಪಾಠ.

"ಒಂದು ಚಮಚ ಒಳ್ಳೆ ಮಣ್ಣಲ್ಲಿ ಎಷ್ಟು ಜೀವ ಇರುತ್ತೆ ಗೊತ್ತಾ ಮಾವ? ಕೋಟಿಗಟ್ಟಲೆ! ಅವು ತಿಂದು ಉಸಿರಾಡ್ತಾವಲ್ಲ, ಅದಕ್ಕೇ ಗುಡ್ಡೆ ಬಿಸಿಯಾಗೋದು."

"ಉಸಿರಾಡ್ತಾವಾ!" ಎಂದು ಮಾವ ರೊಟ್ಟಿ ಮುರಿಯುವುದನ್ನೇ ಮರೆತರು.

"ಊಟದ ಹೊತ್ತಲ್ಲಿ ಹುಳಹುಪ್ಪಟೆ ಮಾತು ಬೇಡಮ್ಮ" ಎಂದು ಅತ್ತೆ ತಟ್ಟೆ ಆಚೆ ಸರಿಸಿದರು.

"ಚಿಕ್ಕಮ್ಮಾ, ನಮ್ಮ ಗುಡ್ಡೇಲಿ ಎಷ್ಟು ಕೋಟಿ ಇರಬಹುದು?" ಎಂದು ದೊಡ್ಡ ಸೊಸೆಯ ಮಗಳು ಕಣ್ಣರಳಿಸಿದಳು. ಹನ್ನೆರಡು ವರ್ಷದ ಆ ಹುಡುಗಿ ಅಮ್ಮನ ಜೊತೆ ಒಂದು ದಿನವೂ ಗುಡ್ಡೆಯ ಹತ್ತಿರ ಬಂದವಳಲ್ಲ. ಮೂಗು ಮುಚ್ಚಿಕೊಂಡು ಓಡುವವಳು.

"ನೀನು ಬಂದು ಮಗುಚು, ಎಣಿಸಿದ ಹಾಗೂ ಆಗುತ್ತೆ" ಎಂದಳು ದೊಡ್ಡ ಸೊಸೆ. ಯಾರೂ ನಗಲಿಲ್ಲ. ಅವಳು ಇನ್ನೊಂದು ರೊಟ್ಟಿಯನ್ನು ಬೇಕಾದ್ದಕ್ಕಿಂತ ಜೋರಾಗಿಯೇ ತಟ್ಟೆಗೆ ಹಾಕಿದಳು.

ಆ ಉಸಿರನ್ನು ಅವಳು ಹದಿನಾಲ್ಕು ವರ್ಷ ಅಂಗೈಯಲ್ಲಿ ಹಿಡಿದಿದ್ದಳು. ಮೊದಲ ವಾರ ಗುಡ್ಡೆ ಬೆಚ್ಚಗಾಗುವುದು, ಮೂರನೆಯ ವಾರ ಕೈ ಇಡಲಾಗದಷ್ಟು ಕಾಯುವುದು, ಮೂಗಿಗೆ ಘಾಟು ಅಡರುವುದು, ಆಮೇಲೆ ಎಲೆಗಳ ಮೇಲೆ ಬಿಳಿ ಬೂಷ್ಟಿನ ಎಳೆ ಹಬ್ಬುವುದು, ಕಾವು ಇಳಿದ ಮೇಲೆ ತಾನಾಗಿಯೇ ಎರೆಹುಳು ಬಂದು ಸೇರುವುದು, ಎಲ್ಲವೂ ಅವಳಿಗೆ ಗೊತ್ತು. ಹೆಸರು ಗೊತ್ತಿರಲಿಲ್ಲ, ಅಷ್ಟೇ. ಹಿತ್ತಲ ಗಿಡ ಮದ್ದಲ್ಲ ಎಂಬುದು ಸುಳ್ಳೇ? ಮನಸ್ಸಿನಲ್ಲಿ ಅವಳು ಚಿಕ್ಕವಳಿಗೆ ಚೀಟಿರಾಣಿ ಎಂದು ಹೆಸರಿಟ್ಟಳು. ಲ್ಯಾಬಿನಿಂದ ಬರುವಾಗ ಅವಳ ಕೈಯಲ್ಲಿ ಯಾವಾಗಲೂ ಯಾರದಾದರೂ ಹೊಲದ ಮಣ್ಣಿನ ಚೀಟಿ ಇರುತ್ತಿತ್ತು.

ಊರಾಚೆಯ ತರಕಾರಿ ತೋಟದವನು ಆರು ಸಾವಿರ ಟೊಮೇಟೊ ಸಸಿ ಬೇಕೆಂದು ಹೇಳಿಹೋದದ್ದು ಆಗಲೇ. ಮಾವನಿಗೆ ಅವಸರ. ಮೊದಲ ಗುಡ್ಡೆ ಖಾಲಿಯಾಗಿತ್ತು. ಎರಡನೆಯದು ಹನ್ನೊಂದು ವಾರದ್ದು, ಮೂರನೆಯದು ಇನ್ನೂ ಹಸಿ.

ಆವತ್ತು ರಾತ್ರಿಯೂಟಕ್ಕೆ ಕೂತಾಗ ಮಾವ ಕೇಳಿದರು. "ಏನಮ್ಮಾ, ಎರಡನೇ ಗುಡ್ಡೆ ಆಯ್ತಾ?"

ದೊಡ್ಡ ಸೊಸೆ ಒಲೆಯ ಕಡೆಯಿಂದ ತಿರುಗಿ ಬಾಯಿ ತೆರೆದಳು. ನೋಡಿದರೆ ಮಾವನ ಮುಖ ಚಿಕ್ಕವಳ ಕಡೆ ಇತ್ತು.

"ನಂಗೆ ನೋಡಿದ್ರೆ ಗೊತ್ತಾಗಲ್ಲ ಮಾವ" ಎಂದಳು ಚಿಕ್ಕವಳು. "ಒಂದು ಚೀಲ ಕೊಡಿ, ಲ್ಯಾಬಲ್ಲಿ ನೋಡಿಸ್ತೀನಿ. ಅಕ್ಕಾ, ಬೆಳಿಗ್ಗೆ ನಂಗೆ ಬಸ್ಸಿಗೆ ಹೊತ್ತಾಗಿಬಿಡುತ್ತೆ. ನೀವೇ ತುಂಬಿಸಿ ಇಟ್ಟಿರ್ತೀರಾ? ಹತ್ತು ಕಡೆಯಿಂದ, ಒಂದು ಮೊಳ ಒಳಗಿಂದ ತೆಗೀಬೇಕು."

ತೆಗೀಬೇಕಂತೆ! ದೊಡ್ಡ ಸೊಸೆ "ಆಯ್ತು" ಎಂದಳು. ಆ ಆಯ್ತಿಗೂ ತನ್ನ ಆಯ್ತಿಗೂ ಎಷ್ಟು ದೂರ ಎಂದು ಅವಳಿಗೇ ಕಣ್ಣು ತುಂಬಿತು.

ಬೆಳಿಗ್ಗೆ ಅವಳು ಎರಡನೇ ಗುಡ್ಡೆಗೆ ಕೈ ತೂರಿಸಿದಳು. ಒಳಗೆ ಇನ್ನೂ ಚೆನ್ನಾಗಿಯೇ ಕಾವಿತ್ತು. ಹೊಟ್ಟು ಹೊಟ್ಟಾಗಿಯೇ ಇತ್ತು, ಉಗುರಲ್ಲಿ ಮುರಿದರೆ ಒಳಗೆ ಬಿಳಿ. ಮೂಸಿದರೆ ಘಾಟು. ಇನ್ನೂ ಮೂರು ವಾರ ಬೇಕು, ಕಣ್ಣು ಮುಚ್ಚಿ ಹೇಳಬಹುದು.

ಚೀಲ ಹಿಡಿದು ನಿಂತಳು. ಇದನ್ನೇ ತುಂಬಿಸಿ ಕೊಟ್ಟರೆ ಚೀಟಿ ಏನು ಹೇಳುತ್ತದೆ? ಹಸಿ ಇದೆ ಎನ್ನುತ್ತದೆ. ಆಗ ಮಾವ, ನೋಡಿದ್ಯಾ ಚೀಟಿ ಹೇಗೆ ಕಂಡುಹಿಡಿಯಿತು ಎನ್ನುತ್ತಾರೆ. ಅವಳ ಬಾಯಿಂದ ಬಂದರೆ ಬರೀ ಮಾತು, ಅದೇ ಮಾತು ಕಾಗದದ ಮೇಲೆ ಬಂದರೆ ವಿದ್ಯೆ.

ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಅವಳದೇ ಒಂದು ಪುಟ್ಟ ಗುಡ್ಡೆಯಿತ್ತು. ಎರಡು ವರ್ಷದ್ದು. ತನ್ನ ಗುಲಾಬಿ ಕುಂಡಗಳಿಗೆಂದು ತಾನೇ ಕೂಡಿಟ್ಟು, ಜರಡಿ ಹಿಡಿದು, ಗೋಣಿ ಮುಚ್ಚಿಟ್ಟದ್ದು. ಚಹಾಪುಡಿಯಂತೆ ಕಪ್ಪು, ಹಿಡಿದರೆ ಹಗುರ, ಮೂಸಿದರೆ ಕಾಡಿನ ನೆಲ. ಅವಳ ಕಾಲು ತಾನಾಗಿ ಅತ್ತ ನಡೆಯಿತು. ಚೀಟಿರಾಣಿಯ ಯಂತ್ರಕ್ಕೂ ಒಮ್ಮೆ ಗೊತ್ತಾಗಲಿ, ಮಣ್ಣೆಂದರೆ ಏನು, ಅದನ್ನು ಮಾಡಿದ ಕೈ ಎಂಥದು ಎಂದು. ಬೇರೆ ಯಾವ ದುರುದ್ದೇಶವೂ ಇರಲಿಲ್ಲ ಎಂದರೆ ನಂಬಬೇಕು. ನೋಡಲು ಬಂದವರಿಗೆ ಮನೆಯ ಚಂದದ ಹುಡುಗಿಯನ್ನೇ ಮುಂದೆ ಕೂರಿಸಿದ ಹಾಗೆ, ಅವಳು ತನ್ನ ಒಳ್ಳೆಯ ಮಣ್ಣನ್ನು ಚೀಲಕ್ಕೆ ತುಂಬಿಸಿ ಬಾಯಿ ಕಟ್ಟಿದಳು. ಚಿಕ್ಕವಳು ಅದರ ಮೇಲೆ "ಎರಡನೇ ಗುಡ್ಡೆ" ಎಂದು ಬರೆದುಕೊಂಡು ಬಸ್ಸಿಗೆ ಓಡಿದಳು.

ನಾಲ್ಕು ದಿನ ದೊಡ್ಡ ಸೊಸೆ ಹಾಡಿಕೊಂಡು ಕಸ ಗುಡಿಸಿದಳು. ಗಂಡ, "ಏನು, ಇವತ್ತು ಮುಖ ಸಡಿಲ ಆಗಿದೆ?" ಎಂದ. ಐದನೆಯ ದಿನ ಚೀಟಿ ಬಂತು.

"ಮಾವಾ, ನಮ್ಮ ಸಾಹೇಬರು ಎರಡು ಸಲ ನೋಡಿದ್ರು" ಎಂದು ಚಿಕ್ಕವಳು ಚಪ್ಪಲಿ ಬಿಡುವುದಕ್ಕೂ ಮುಂಚೆ ಹೇಳಿದಳು. "ಇಂಥ ಗೊಬ್ಬರ ಈ ವರ್ಷ ಒಂದೂ ಬಂದಿಲ್ಲವಂತೆ. ಸಾರಜನಕ ಸರಿ, ಹುಳಿ ಇಲ್ಲ, ಕ್ಷಾರ ಇಲ್ಲ, ಪೂರ್ತಿ ಹಣ್ಣಾಗಿದೆ. ಯಾರು ಮಾಡಿದ್ದು ಅಂತ ಕೇಳಿದ್ರು."

ದೊಡ್ಡ ಸೊಸೆ ಸೆರಗಿಗೆ ಕೈ ಒರೆಸಿಕೊಂಡು ಒಂದು ಹೆಜ್ಜೆ ಮುಂದೆ ಬಂದಳು.

"ನಮ್ಮ ಮಾವ ಮಾಡಿದ್ದು ಅಂದೆ!" ಎಂದಳು ಚಿಕ್ಕವಳು.

ಮಾವ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು. "ನೀನು ಬಂದ ಕಾಲ್ಗುಣ ಕಣಮ್ಮ" ಎಂದರು. ಅತ್ತೆ ಕೂಡ, ಮೆಚ್ಚಿ ಗೊತ್ತಿಲ್ಲದ ಅತ್ತೆ ಕೂಡ, "ಓದಿದ್ದು ಎಲ್ಲಾದ್ರೂ ಉಪಯೋಗಕ್ಕೆ ಬರುತ್ತೆ ಬಿಡು" ಎಂದರು. ಮಗಳಂತೂ ಚಿಕ್ಕಮ್ಮನ ಕೈ ಹಿಡಿದುಕೊಂಡು ಕುಣಿದಳು. ಕೈ ಕೆಸರು ನನ್ನದು, ಬಾಯಿ ಮೊಸರು ಇವಳದು ಎಂದುಕೊಂಡು ದೊಡ್ಡ ಸೊಸೆ ಒಂದು ಹೆಜ್ಜೆ ಹಿಂದಕ್ಕೆ ಹೋದಳು.

"ಹಣ್ಣಾಗಿದ್ರೆ ಕಾಯೋದ್ಯಾಕೆ? ನಾಳೆಯಿಂದಲೇ ಚೀಲ ತುಂಬೋಣ" ಎಂದರು ಮಾವ.

ಇದನ್ನು ದೊಡ್ಡ ಸೊಸೆ ಯೋಚಿಸಿಯೇ ಇರಲಿಲ್ಲ. "ಮಾವ, ಅದು... ಇನ್ನೂ ಮೂರು ವಾರ ಬೇಕು ಅನ್ಸುತ್ತೆ."

"ಚೀಟಿ ಸುಳ್ಳು ಹೇಳುತ್ತಾ?"

"ಚೀಟಿ ಹೇಳಲ್ಲ, ಆದ್ರೆ..."

"ಅಕ್ಕಂಗೆ ಕೈಯಲ್ಲಿ ಗೊತ್ತಾಗುತ್ತೆ ಮಾವ" ಎಂದಳು ಚಿಕ್ಕವಳು ಮೆಲ್ಲಗೆ. "ಅಕ್ಕಾ, ಇನ್ನೂ ಬಿಸಿ ಇದ್ಯಾ? ಅನುಮಾನ ಇದ್ರೆ ಇನ್ನೊಂದು ಚೀಲ ತಗೊಂಡು ಹೋಗ್ತೀನಿ. ಇನ್ನೊಂದು ಸಲ ನೋಡಿದ್ರೆ ಏನು ಗಂಟು ಹೋಗುತ್ತೆ?"

ಬಾಗಿಲು ತೆರೆದೇ ಇತ್ತು, ಬೇರೆ ಚೀಲ ತುಂಬಿಸಿ ಕೊಟ್ಟು ಹೊರಗೆ ಬಂದುಬಿಡಬಹುದಿತ್ತು. ಆದರೆ ಅಕ್ಕನ ಪರವಾಗಿ ಮಾತಾಡುವ ಹಕ್ಕು ಕೂಡ ಈಗ ಇವಳದೇ ಆಯಿತೇ? ನನ್ನ ಕೈಗೆ ಇವಳು ಶಿಫಾರಸು ಮಾಡಬೇಕೇ? ಹೊಟ್ಟೆಕಿಚ್ಚು ಎಂಬುದು ಬುದ್ಧಿಗಿಂತ ಒಂದು ಹೆಜ್ಜೆ ಮುಂದೆಯೇ ಓಡುತ್ತದೆ.

"ಏನೂ ಬೇಡ" ಎಂದಳು ದೊಡ್ಡ ಸೊಸೆ. "ನಿಮ್ಮ ಚೀಟಿ ಇದೆಯಲ್ಲ. ತುಂಬ್ಕೊಳ್ಳಿ."

ತುಂಬಿದರು. ಗುಡ್ಡೆ ಒಡೆದಾಗ ಹಬೆ ಎದ್ದಿತು. "ಅಪ್ಪಾ, ಬಿಸಿ ಇದೆಯಲ್ಲ" ಎಂದ ಅವಳ ಗಂಡ. "ಬಿಸಿಲು ಬಿದ್ದಿರೋದು, ಹರಡಿ ಆರಿಸು" ಎಂದರು ಮಾವ. ಒಂದು ದಿನ ಹರಡಿ ಆರಿಸಿದರು. ಕಾವು ಹೋಯಿತು, ಹಸಿತನ ಎಲ್ಲಿಗೆ ಹೋಗುತ್ತದೆ? ದೊಡ್ಡ ಸೊಸೆ ಜರಡಿ ಹಿಡಿದು ಕೂತು, ಬಾಯಿಗೆ ಬೀಗ ಹಾಕಿಕೊಂಡು, ಆರು ಸಾವಿರ ಚೀಲಕ್ಕೆ ಮಣ್ಣು ಇಳಿಸಿದಳು. ಪ್ರತಿ ಚೀಲಕ್ಕೂ, ಈಗ ಹೇಳಲೇ, ಈಗ ಹೇಳಲೇ ಎಂದುಕೊಂಡಳು. ಸಾವಿರ ದಾಟಿದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು.

ಚೀಲಕ್ಕೆ ನೆಟ್ಟ ಎಳೆ ಸಸಿಗಳು ಮೊದಲ ವಾರ ಚೆನ್ನಾಗಿಯೇ ನಿಂತವು. ಏನೂ ಆಗುವುದಿಲ್ಲವೇನೋ ಎಂದು ಅವಳಿಗೆ ಸಮಾಧಾನವಾಯಿತು, ಅದರ ಹಿಂದೆಯೇ ಸಿಟ್ಟೂ ಬಂತು. ಹಾಗಾದರೆ ಮೂರು ವಾರ ಕಾಯುವ ತನ್ನ ಜಾಣತನಕ್ಕೆ ಬೆಲೆಯೇ ಇಲ್ಲವೇ? ಎರಡನೆಯ ವಾರ ಕೆಳಗಿನ ಎಲೆಗಳು ಬಿಳಿಚಿದವು. ಮೂರನೆಯ ವಾರ ಚಪ್ಪರದ ಕೆಳಗೆ ಆರು ಸಾವಿರ ಸಸಿ ಹಳದಿ ಹಿಡಿದು, ಇದ್ದಷ್ಟೇ ಎತ್ತರಕ್ಕೆ ನಿಂತುಬಿಟ್ಟವು. ಬುಡ ಅಲುಗಿಸಿದರೆ ಬೇರು ಕಂದು.

ಅತ್ತೆಯ ನಾಲಿಗೆ ಬಿಚ್ಚಿಕೊಂಡಿತು. "ನಲವತ್ತು ವರ್ಷ ಚೀಟಿ ಇಲ್ಲದೆ ಸಸಿ ಬೆಳೀಲಿಲ್ವಾ? ಮಸಿ ನೋಡೋರ ಕೈಗೆ ಮಣ್ಣು ಕೊಟ್ರೆ ಇನ್ನೇನಾಗುತ್ತೆ!"

ಚಿಕ್ಕವಳು ತಲೆ ತಗ್ಗಿಸಿ ಚಹಾ ಲೋಟಗಳನ್ನು ಎತ್ತಿಕೊಂಡು ಹೋದಳು. ನಿಜ ಹೇಳಬೇಕೆಂದರೆ, ಆವತ್ತೊಂದು ದಿನ ದೊಡ್ಡ ಸೊಸೆಗೆ ಊಟ ರುಚಿಸಿತು. ಮಗಳು "ಚಿಕ್ಕಮ್ಮ ಅಳ್ತಿದ್ದಾರೆ ಅಮ್ಮ" ಎಂದಾಗ, "ಅಳ್ಲಿ, ಕಣ್ಣಿಗೆ ಒಳ್ಳೇದು" ಎಂದಳು. ಹೇಳಿದ ಮೇಲೆ ತನ್ನ ಬಾಯಿಂದಲೇ ಇದು ಬಂತೇ ಎಂದು ಬೆಚ್ಚಿ, ಮಗಳ ಮುಖ ನೋಡಲಾರದೆ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

ಮರುದಿನ ಚಿಕ್ಕವಳು ಹೇಳದೆ ಕೇಳದೆ ನಾಲ್ಕು ಸಸಿ ಚೀಲ ಎತ್ತಿಕೊಂಡು ಲ್ಯಾಬಿಗೆ ಹೋದಳು. ಸಂಜೆ ಬಂದವಳು ಬಟ್ಟೆ ಬದಲಿಸಲಿಲ್ಲ. ಹಿತ್ತಲಲ್ಲಿ ಒಂದು ಸುತ್ತು ಹಾಕಿ, ಒಗೆಯುವ ಕಲ್ಲಿನ ಹಿಂದೆ ಬಗ್ಗಿ ನೋಡಿ, ನೇರ ಅಡಿಗೆಮನೆಗೆ ಬಂದಳು. ದೊಡ್ಡ ಸೊಸೆ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು.

"ಅಕ್ಕಾ, ಆವತ್ತು ಚೀಲಕ್ಕೆ ಯಾವ ಗುಡ್ಡೆಯ ಮಣ್ಣು ತುಂಬಿಸಿದ್ರಿ?"

"ಯಾಕೆ?"

"ಈ ಚೀಲದ ಮಣ್ಣಲ್ಲಿ ಹೊಟ್ಟು ಇನ್ನೂ ಕೊಳೀತಾ ಇದೆ. ಮಣ್ಣಲ್ಲಿರೋ ಜೀವಿಗಳಿಗೆ ಹೊಟ್ಟು ತಿನ್ನೋಕೆ ಸಾರಜನಕ ಬೇಕು, ಸಸಿಗೆ ಬಿಡದೆ ಎಲ್ಲ ಅವೇ ತಿಂದು ಹಾಕಿವೆ. ನಾನು ಚೀಟಿ ತಂದ ಮಣ್ಣಲ್ಲಿ ಹೊಟ್ಟಿನ ಒಂದು ಚೂರೂ ಇರ್ಲಿಲ್ಲ. ಯಾವ ಗುಡ್ಡೆ ಅಕ್ಕ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ದೊಡ್ಡ ಸೊಸೆಯ ಕಣ್ಣು ಕಿಟಕಿಯಾಚೆ, ಒಗೆಯುವ ಕಲ್ಲಿನ ಕಡೆ ಹೋಯಿತು.

"ನಂದು" ಎಂದಳು.

"ಯಾಕೆ? ನಾನು ಏನು ಮಾಡಿದ್ದೆ ನಿಮಗೆ?"

"ಏನೂ ಮಾಡಿಲ್ಲ."

"ಮತ್ತೆ?"

"ಮಾವ ನಿನ್ನ ಕೇಳಿದ್ರಲ್ಲ."

ಚಿಕ್ಕವಳಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಕೆಂಪಾಯಿತು. "ಅಷ್ಟಕ್ಕೇ? ಅಷ್ಟಕ್ಕೇ ಆರು ಸಾವಿರ ಸಸಿನಾ ಅಕ್ಕ? ನಿನ್ನೆಯಿಂದ ಅತ್ತೆ ಬಾಯಿಗೆ ಬಂದ ಹಾಗೆ ಅಂತಿದ್ದಾರೆ, ನೀವು ಪಕ್ಕದಲ್ಲೇ ಕೂತು ಕೇಳ್ತಾ ಇದ್ರಿ." ಅವಳು ಬಾಗಿಲ ಕಡೆ ತಿರುಗಿದಳು. "ನಾನಾಗಿ ಯಾರಿಗೂ ಹೇಳಲ್ಲ. ಹೇಳಿದ್ರೆ ನೀವೇ ಹೇಳ್ಬೇಕು. ಅಲ್ಲಿತನಕ ನನ್ನ ಜೊತೆ ಮಾತಾಡ್ಬೇಡಿ."

ಎರಡು ದಿನ ಇಬ್ಬರೂ ಒಂದೇ ಅಡಿಗೆಮನೆಯಲ್ಲಿ ಗೋಡೆಯ ಜೊತೆ ಮಾತಾಡುತ್ತ ಅಡಿಗೆ ಮಾಡಿದರು. "ಉಪ್ಪು ಆಗಿದ್ಯಾ ಅಂತ ಯಾರಾದ್ರೂ ನೋಡಿದ್ರೆ ಒಳ್ಳೇದು" ಎನ್ನುವುದು ಒಬ್ಬಳು, "ಆಗಿದೆ ಅಂತ ಕಾಣುತ್ತೆ" ಎಂದು ಕಿಟಕಿಗೆ ಹೇಳುವುದು ಇನ್ನೊಬ್ಬಳು. ಮಗಳು ಇಬ್ಬರನ್ನೂ ನೋಡಿ ನಕ್ಕು, ಬೈಸಿಕೊಂಡಳು.

ಮೂರನೆಯ ದಿನ ಬೆಳಿಗ್ಗೆ ಮಾವ ತಿಂಡಿ ಅರ್ಧಕ್ಕೆ ಬಿಟ್ಟು ಎದ್ದರು. ಮೊಳೆಗೆ ತೂಗುಹಾಕಿದ್ದ ಅಂಗಿ ತೊಟ್ಟು, ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡರು.

"ಎಲ್ಲಿಗೆ?" ಎಂದರು ಅತ್ತೆ.

"ಲ್ಯಾಬಿಗೆ. ಅವರ ಸಾಹೇಬನ್ನ ಕೇಳ್ತೀನಿ. ಹಣ್ಣಾಗಿದೆ ಅಂತ ಸಹಿ ಹಾಕಿ ಕೊಟ್ಟೋರು ಯಾರು ಅಂತ. ತೋಟದವನಿಗೆ ನಾನೇನು ಉತ್ತರ ಕೊಡ್ಲಿ?"

ಚಿಕ್ಕವಳು ತುತ್ತು ಕೈಯಲ್ಲಿ ಹಿಡಿದು ಹಾಗೇ ಕೂತಳು. ಮನೆಯ ಮಣ್ಣನ್ನು ಅವಳು ಹಣ ಕಟ್ಟದೆ, ಬರೀ ಬಾಯಿಮಾತಿನ ಮೇಲೆ ಒಳಗೆ ತೂರಿಸಿ ಪರೀಕ್ಷೆ ಮಾಡಿಸಿದ್ದಳು. ಮಾವ ಹೋಗಿ ಅಲ್ಲಿ ಕೂಗಾಡಿದರೆ ಅವಳ ಕೆಲಸ ಉಳಿಯುತ್ತಿರಲಿಲ್ಲ. ಆದರೂ ಅವಳು ದೊಡ್ಡ ಸೊಸೆಯ ಕಡೆ ಒಮ್ಮೆಯೂ ನೋಡಲಿಲ್ಲ. ಒಂದೇ ಒಂದು ಸಲ ನೋಡಿದ್ದರೆ ದೊಡ್ಡ ಸೊಸೆ ಮೊಂಡು ಹಿಡಿದು ಸುಮ್ಮನಿದ್ದುಬಿಡುತ್ತಿದ್ದಳೋ ಏನೋ.

"ಹೋಗ್ಬೇಡಿ ಮಾವ" ಎಂದಳು ದೊಡ್ಡ ಸೊಸೆ. "ಚೀಟಿ ಸರಿಯಾಗೇ ಇದೆ. ಮಣ್ಣೇ ಬೇರೆ. ನಾನು ನನ್ನ ಗುಲಾಬಿ ಗುಡ್ಡೇದು ತುಂಬಿಸಿ ಕೊಟ್ಟೆ."

ಗಂಡ, "ನಿಂಗೇನು ತಲೆ ಕೆಟ್ಟಿತ್ತಾ?" ಎಂದ.

"ಹೊಟ್ಟೆ ಕೆಟ್ಟಿತ್ತು" ಎಂದಳು ಅವಳು. "ಹದಿನಾಲ್ಕು ವರ್ಷ ನನ್ನ ಕೇಳ್ತಿದ್ರಿ ಮಾವ. ಎಂಟು ತಿಂಗಳ ಹಿಂದೆ ಬಂದೋಳನ್ನ ಕೇಳಿಬಿಟ್ರಿ. ನನಗೆ ತಡ್ಕೊಳ್ಳೋಕೆ ಆಗ್ಲಿಲ್ಲ. ನನ್ನ ಮಣ್ಣು ಎಂಥದು ಅಂತ ನಿಮಗೆ ಗೊತ್ತಾಗ್ಲಿ ಅಂತ ಕೊಟ್ಟೆ. ಗುಡ್ಡೆ ಹಸಿ ಅಂತ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಬೈಯೋದಿದ್ರೆ ನನ್ನ ಬೈರಿ."

ಬೈಗಳಿಗೆ ಅವಳು ಮೈ ಗಟ್ಟಿ ಮಾಡಿಕೊಂಡು ನಿಂತಳು. ಮಾವ ಬೈಯಲಿಲ್ಲ. ಅಂಗಿಯಲ್ಲೇ ಬಂದು ತಟ್ಟೆಯ ಮುಂದೆ ಕೂತು, ಬಲಗೈಯನ್ನು ಎಡಗೈಯಿಂದ ಉಜ್ಜಿಕೊಂಡರು.

"ಗುಡ್ಡೆ ಒಡೆದ ದಿನ ನಾನೂ ಕೈ ಹಾಕಿದ್ದೆ" ಎಂದರು. "ಏನೂ ಗೊತ್ತಾಗ್ಲಿಲ್ಲ. ಬಿಸಿನೂ ಇಲ್ಲ, ತಣ್ಣಗೂ ಇಲ್ಲ. ಒಂದೂವರೆ ವರ್ಷದಿಂದ ಬೆರಳಿಗೆ ಏನೂ ತಿಳಿಯಲ್ಲ ಕಣಮ್ಮ. ಸಕ್ಕರೆ ಕಾಯಿಲೆ, ನರ ಹೋಗಿದೆ ಅಂದ್ರು ಡಾಕ್ಟ್ರು."

"ನಂಗೂ ಹೇಳ್ಲಿಲ್ವಲ್ಲ!" ಎಂದರು ಅತ್ತೆ.

ಮಾವ ಅವರ ಕಡೆ ನೋಡಲಿಲ್ಲ. ದೊಡ್ಡ ಸೊಸೆಗೇ ಹೇಳಿದರು. "ಮಣ್ಣು ಹಿಡಿಯೋದು ನಿಂಗೆ ಕಲಿಸಿದ್ದು ನಾನು. ಈಗ ನೀನು ಕೈ ಹಾಕಿ ಆಯ್ತು ಅನ್ನೋದು, ನಾನು ಗೊತ್ತಿರೋನ ಹಾಗೆ ತಲೆ ಆಡಿಸೋದು. ಪ್ರತಿ ಸಲ ನಿನ್ನ ಕೈ ನೋಡಿದಾಗ ಹೊಟ್ಟೆ ಉರಿದು ಹೋಗ್ತಿತ್ತು. ನಾನು ಕೊಟ್ಟಿದ್ದೇ ಅದು, ಆದರೂ. ಚೀಟಿ ಅಂತ ಒಂದು ಬಂದ್ರೆ ನಿನ್ನ ಕೇಳೋದೇ ಬೇಡ ಅನ್ನಿಸ್ತು. ಅದಕ್ಕೇ ಅವಳನ್ನ ಕೇಳಿದ್ದು."

ಇಷ್ಟು ದಿನ ಚಿಕ್ಕವಳ ವಿದ್ಯೆಯ ಮುಂದೆ ತನ್ನ ಕೈ ಸಣ್ಣದಾಯಿತೆಂದು ಅವಳು ಕುದಿದಿದ್ದಳು. ಅದೇ ಕೈಯನ್ನು ಇನ್ನೊಬ್ಬರು ಕದ್ದು ನೋಡಿ ಕುದಿಯುತ್ತಿದ್ದಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಅವಳಿಗೆ ನಾಚಿಕೆಯಾಯಿತು, ಮಾವನ ಮೇಲೆ ಅಯ್ಯೋ ಎನಿಸಿತು, ಮತ್ತೆ ಎಲ್ಲೋ ಒಂದು ಮೂಲೆಯಲ್ಲಿ ಸಂತೋಷವೂ ಆಯಿತು. ಆ ಸಂತೋಷಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಮೊದಲು ಮಾತಾಡಿದವಳು ಚಿಕ್ಕವಳು. "ಎಲ್ಲರ ಹೊಟ್ಟೆ ಉರಿದದ್ದೂ ಆಯ್ತಲ್ಲ" ಎಂದಳು. "ಈಗ ಸಸಿ ನೋಡೋಣ್ವಾ? ಹಣ್ಣಾದ ಗೊಬ್ಬರ ನೀರಿಗೆ ಕದಡಿ ಬುಡಕ್ಕೆ ಹುಯ್ದರೆ ಬೇರು ಇರೋವಾದ್ರೂ ಉಳೀತಾವೆ. ಹಣ್ಣಾದದ್ದು ಈ ಮನೇಲಿ ಒಂದೇ ಇರೋದು."

ದೊಡ್ಡ ಸೊಸೆ ಸಲಿಕೆ ತೆಗೆದುಕೊಂಡಳು. ಎರಡು ವರ್ಷ ಕೂಡಿಟ್ಟ ಗುಡ್ಡೆ ಒಂಬತ್ತು ದಿನದಲ್ಲಿ ನೆಲಸಮವಾಯಿತು. ಗಂಡ ಡ್ರಮ್ಮಿಗೆ ನೀರು ತುಂಬಿದ, ಮೈದುನನನ್ನು ಕೂಡ ಎಬ್ಬಿಸಿ ಬಕೆಟ್ ಕೊಟ್ಟರು, ಅತ್ತೆ ಬೈಯುತ್ತಲೇ ಲೋಟದಲ್ಲಿ ಅಳೆದು ಬುಡಕ್ಕೆ ಹುಯ್ದರು. ಆರು ಸಾವಿರದಲ್ಲಿ ಎರಡೂವರೆ ಸಾವಿರ ಸತ್ತವು. ಉಳಿದವು ನಿಧಾನಕ್ಕೆ ಹಸಿರಾದವು. ಮಾವ ತೋಟದವನ ಮನೆಗೆ ಹೋಗಿ, ಈ ಸಲ ತಪ್ಪು ನಮ್ಮ ಮನೆಯದು ಎಂದು ಹೇಳಿ ಬಂದರು. ಯಾರ ತಪ್ಪು ಎಂದು ಬಿಡಿಸಿ ಹೇಳಲಿಲ್ಲ.

ಅಲ್ಲಿಂದ ಬಂದ ದಿನ ಜಗುಲಿಯಲ್ಲಿ ಕೂತು ದೊಡ್ಡ ಸೊಸೆಯನ್ನು ಕರೆದರು. "ನಿನ್ನ ಕೈಗೂ ಒಂದು ದಿನ ವಯಸ್ಸಾಗುತ್ತೆ. ಚಿಕ್ಕೋಳಿಗೆ ಕಲಿಸು."

ಇದೊಂದನ್ನು ಬಿಟ್ಟು ಏನು ಬೇಕಾದರೂ ಕೇಳಬಹುದಿತ್ತು. "ಆಗ್ಲಿ ಮಾವ" ಎಂದಳು. ಒಂದು ವಾರ ನೆಪ ಹೇಳಿದಳು. ಬಟ್ಟೆ ರಾಶಿ ಇದೆ, ಮಗಳಿಗೆ ಪರೀಕ್ಷೆ ಇದೆ, ನೆಗಡಿ ಇದೆ. ಕೊನೆಗೆ ರಜೆಯ ದಿನ ಚಿಕ್ಕವಳೇ ತೋಳು ಮಡಚಿಕೊಂಡು ಹಿತ್ತಲಿಗೆ ಬಂದು ನಿಂತಳು.

ಮೂರನೇ ಗುಡ್ಡೆಗೆ ಆಗ ಹದಿನಾಲ್ಕು ವಾರ. "ಕೈ ಹಾಕು" ಎಂದಳು ದೊಡ್ಡ ಸೊಸೆ, ಅಷ್ಟೇ. ಹೇಗೆ, ಎಷ್ಟು, ಏನು ನೋಡಬೇಕು ಒಂದನ್ನೂ ಹೇಳಲಿಲ್ಲ. ಅವಳು ಇದನ್ನು ಕಲಿಯಲು ಮೂರು ವರ್ಷ ತೆಗೆದುಕೊಂಡಿದ್ದಳು. ಎಷ್ಟು ಸಲ ತಪ್ಪು ಹೇಳಿ ಮಾವನಿಂದ ಬೈಸಿಕೊಂಡಿದ್ದಳೋ ಲೆಕ್ಕವಿಲ್ಲ.

ಚಿಕ್ಕವಳು ಮೊಣಕೈವರೆಗೆ ಕೈ ತೂರಿಸಿ ಕಣ್ಣು ಮುಚ್ಚಿದಳು. ತುಂಬ ಹೊತ್ತು ಹಾಗೇ ಇದ್ದಳು. ಒಂದು ಹಿಡಿ ತೆಗೆದು ಮೂಸಿದಳು, ಉಂಡೆ ಕಟ್ಟಿದಳು, ಬೀಳಿಸಿದಳು, ಬಗ್ಗಿ ನೋಡಿದಳು.

"ಮೇಲೆ ಆಗಿದೆ ಅಕ್ಕ" ಎಂದಳು. "ಆದ್ರೆ ಈ ಎಡಗಡೆ, ಕೆಳಗೆ, ಇನ್ನೂ ಬೆಚ್ಚಗಿದೆ. ಅಲ್ಲಿ ನೀರು ನಿಂತಿದೆ ಅಂತ ಕಾಣುತ್ತೆ, ಗಾಳಿ ಆಡ್ತಿಲ್ಲ. ಇನ್ನೊಂದು ಸಲ ಮಗುಚಬೇಕು. ತಪ್ಪಾ?"

ದೊಡ್ಡ ಸೊಸೆ ತಾನೂ ಕೈ ಹಾಕಿದಳು. ಎಡಗಡೆ, ಕೆಳಗೆ. ಹೌದು. ಬೆಳಿಗ್ಗೆ ನೋಡಿದಾಗ ತನಗೆ ಅದು ಸಿಕ್ಕಿರಲಿಲ್ಲ.

ಹೊಟ್ಟೆಯಲ್ಲಿ ಅದೇ ಹಳೆಯ ಚುರುಕ್ ಎದ್ದಿತು. ಎಲ್ಲಿಗೂ ಹೋಗಿರಲಿಲ್ಲ ಅದು. ತಪ್ಪು ಎಂದರೆ ಸಾಕು, ಕೇಳುವವರು ಯಾರೂ ಇಲ್ಲ. ಮಾವನ ಕೈಗೆ ತಿಳಿಯುವುದಿಲ್ಲ, ಚಿಕ್ಕವಳಿಗೆ ಇನ್ನೂ ಧೈರ್ಯವಿಲ್ಲ. ಒಂದು ಮಾತಿಗೆ ಇನ್ನೂ ಮೂರು ವರ್ಷ ತನ್ನ ಕೈಯೊಂದೇ ಆ ಮನೆಯಲ್ಲಿ ಕೈ ಆಗಿರುತ್ತಿತ್ತು. ಚಿಕ್ಕವಳು ಮಣ್ಣು ಮೆತ್ತಿದ ತೋಳು ಇಳಿಬಿಟ್ಟುಕೊಂಡು, ಪರೀಕ್ಷೆ ಬರೆದ ಹುಡುಗಿಯಂತೆ ಅವಳ ಬಾಯನ್ನೇ ನೋಡುತ್ತಿದ್ದಳು.

ದೊಡ್ಡ ಸೊಸೆ ಜಗುಲಿಯ ಕಡೆ ತಿರುಗಿ, ಮಾವನಿಗೆ ಕೇಳುವ ಹಾಗೆ, ಅಕ್ಕಪಕ್ಕದ ಮನೆಯವರಿಗೂ ಕೇಳುವ ಹಾಗೆ ಕೂಗಿದಳು.

"ಮಾವಾ, ಗುಡ್ಡೆ ಇನ್ನೂ ಆಗಿಲ್ಲ. ನಂಗೆ ಸಿಕ್ಕಿರ್ಲಿಲ್ಲ, ಇವಳು ಕಂಡುಹಿಡಿದ್ಲು."